ಗ್ಲಾಸು ಏರದ ದಿನ

ಗೇಟು ದಾಟುವಾಗ ತಾನು ಯಾವ ಮಾತಿಗೆ ಬಂದಿದ್ದೆ ಎನ್ನುವುದು ಎಷ್ಟು ತಿಣುಕಿದರೂ ಅವಳಿಗೆ ನೆನಪಾಗಲಿಲ್ಲ. ‘ಮೂಗಬಸವಿ’ ಎಂದದ್ದು ಖಂಡಿತ. ಆದರೆ ಅದು ಗೇಟಿಗಿಂತ ಮುಂಚೆಯೋ, ಗೇಟಿನ ಹತ್ತಿರವೋ, ಗೇಟು ದಾಟಿ ರಸ್ತೆಗೆ ಇಳಿದ ಮೇಲೋ? ಗೇಟಿನ ಹತ್ತಿರ ಅಂದಿದ್ದರೆ ಕೆಟ್ಟಿತು. ಅತ್ತಿಗೆ ಅಲ್ಲೇ, ಮೂರು ಮಾರು ದೂರದಲ್ಲಿ, ಒದ್ದೆ ಟವೆಲ್ಲು ಕೊಡವುತ್ತ ನಿಂತಿದ್ದರು. ಟವೆಲ್ಲಿನ ಪಟಪಟ ಸದ್ದಿನಲ್ಲಿ ಒಂದು ಪದ ಮುಚ್ಚಿಹೋಗಿರಬಹುದು. ಆದರೆ ಒಂದು ಪದಕ್ಕೆ ನಿಲ್ಲಿಸುವ ಜಾಯಮಾನ ಅವಳದಲ್ಲ. ‘ಇರಲಿ ಬಿಡಂತೆ, ಇರಲಿ ಬಿಡು’ ಎಂದು ಅತ್ತಿಗೆಯ ದನಿಯನ್ನೇ ಅಣಕಿಸಿ ಶುರುಮಾಡಿ, ಅಲ್ಲಿಂದ ಮೂಗಬಸವಿಗೆ ಬಂದು, ಅಲ್ಲಿಂದ ತ್ಯಾಗಮೂರ್ತಿಗೆ ಹೋಗಿ, ತ್ಯಾಗಮೂರ್ತಿಯ ‘ಮೂ’ ಬಾಯಲ್ಲಿರುವಾಗಲೇ ಬೀದಿಯ ತಿರುವಿನಲ್ಲಿ ಗಾಳಿ ಬೀಸಿ ಕೂದಲು ಬಾಯಿಗೆ ಬಂದಿತ್ತು. ಕಾರಿನೊಳಗೆ ಗಾಳಿ ಎಲ್ಲಿಂದ ಬಂತು ಎಂದು ತಿರುಗಿ ನೋಡಿದರೆ ಪಕ್ಕದ ಗ್ಲಾಸು ಪೂರ್ತಿ ಕೆಳಗಿತ್ತು. ಮನೆಯ ಅಂಗಳದಿಂದ ಇಲ್ಲಿಯವರೆಗೆ, ಇಡೀ ಬೀದಿಯುದ್ದಕ್ಕೂ, ಕೆಳಗೇ ಇತ್ತು.

ತಪ್ಪು ಬೆರಳಿನದಲ್ಲ. ಬೆರಳು ದಿನದ ಹಾಗೆ ತನ್ನ ಕೆಲಸ ಮಾಡಿತ್ತು. ಬೆಳಿಗ್ಗೆ ಅಂಗಳದಿಂದ ಹಿಂದೆ ತೆಗೆಯುವಾಗ ಗ್ಲಾಸು ಇಳಿಸಿ, ತಲೆ ಹೊರಗೆ ಹಾಕಿ, ಗೇಟಿನ ಕಂಬ ತಪ್ಪಿಸಿಕೊಂಡು ಬರಬೇಕು. ಕಂಬ ದಾಟುವ ಹೊತ್ತಿಗೆ ಸ್ವಿಚ್ಚು ಎತ್ತಬೇಕು. ಗ್ಲಾಸು ಗುಂಯ್ ಎಂದು ಏರಿ ಮೇಲಿನ ರಬ್ಬರಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನ ಸದ್ದು ಒಂದೇ ಸಲಕ್ಕೆ ನಿಂತುಹೋಗುತ್ತದೆ, ಆಗ ಅವಳ ಬಾಯಿ ತೆರೆಯುತ್ತದೆ. ಎಂಟು ವರ್ಷಗಳ ಅಭ್ಯಾಸ. ಸ್ವಿಚ್ಚಿಗೂ ನಾಲಿಗೆಗೂ ಒಳಗೊಳಗೇ ಯಾವುದೋ ವೈರು ಎಳೆದಂತಾಗಿತ್ತು. ಇವತ್ತು ಸ್ವಿಚ್ಚು ಎತ್ತಿದ್ದಳು, ನಾಲಿಗೆ ಹೊರಟಿತು, ಗ್ಲಾಸು ಮಾತ್ರ ಹೊರಡಲಿಲ್ಲ. ಅದನ್ನು ಗಮನಿಸಲಿಲ್ಲ ಎಂದರೆ ಏನರ್ಥ? ತಾನು ಅಷ್ಟು ಆತುರದಲ್ಲಿದ್ದೆ ಎಂದೇ. ಬಯ್ಯುವುದಕ್ಕೆ ಅಷ್ಟೊಂದು ಹಸಿವು. ತಿರುವಿನಲ್ಲಿ ಕಾರು ನಿಲ್ಲಿಸಿ ಸ್ವಿಚ್ಚನ್ನು ಮತ್ತೆ ಮತ್ತೆ ಎತ್ತಿದಳು, ಒತ್ತಿದಳು. ಪಕ್ಕದ ಸೀಟಿನ ಗ್ಲಾಸು, ಹಿಂದಿನ ಎರಡು, ಯಾವುದೂ ಉಸಿರೆತ್ತಲಿಲ್ಲ.

ಬಯ್ಯುವಂಥದ್ದು ಏನಾಗಿತ್ತು ಎಂದು ಯಾರಾದರೂ ಕೇಳಿದರೆ ಹೇಳಲು ನಾಚಿಕೆಯಾಗಬೇಕು. ಚಪ್ಪಲಿ. ರಾತ್ರಿ ಬಂದವಳು ಚಪ್ಪಲಿಯನ್ನು ಬಾಗಿಲ ಎದುರಿಗೇ, ಒಂದನ್ನು ಪೂರ್ವಕ್ಕೆ ಒಂದನ್ನು ಪಶ್ಚಿಮಕ್ಕೆ ಬಿಟ್ಟು ಮಲಗಿದ್ದಳು; ಬೆಳಿಗ್ಗೆ ಅವು ಎಂದಿನಂತೆ ಗೂಡಿನೊಳಗೆ ಜೋಡಿಯಾಗಿ ಕೂತಿದ್ದವು. ‘ಅಯ್ಯೋ ಅತ್ತಿಗೆ, ನಾನೇ ಇಡ್ತಿದ್ದೆನಲ್ಲ’ ಎಂದಳು. ‘ಇರಲಿ ಬಿಡು’ ಎಂದರು ಅತ್ತಿಗೆ. ಇಷ್ಟೇ. ಈ ‘ಇರಲಿ ಬಿಡು’ವನ್ನು ಅತ್ತಿಗೆ ಹತ್ತು ಹನ್ನೊಂದು ಥರ ಹೇಳಬಲ್ಲರು. ಹಾಲು ಉಕ್ಕಿದ್ದಕ್ಕೆ ಒಂದು, ಬಚ್ಚಲ ದೀಪ ಆರಿಸದಿದ್ದಕ್ಕೆ ಒಂದು. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಬಂದ ನಾದಿನಿ ಗಂಡನ ಮನೆಗೆ ಮತ್ತೆ ಹೋಗದೆ, ಬೇರೆ ಮನೆಯನ್ನೂ ಮಾಡದೆ, ಅಂಗಳದ ಮುಕ್ಕಾಲು ಪಾಲನ್ನು ಹಳೇ ಕಾರಿನಿಂದ ತುಂಬಿಸಿ ಎಂಟು ವರ್ಷ ಕಳೆದದ್ದಕ್ಕೆ ಇನ್ನೊಂದು. ಒಂದು ಸಲವಾದರೂ, ಒಂದೇ ಒಂದು ಸಲ, ‘ಏನೇ ಇದು ನಿನ್ನ ಅವತಾರ?’ ಎಂದು ಗದರಿಸಿದ್ದರೆ ಅವಳೂ ತಿರುಗಿ ಏನೋ ಅಂದು, ಇಬ್ಬರೂ ಸಂಜೆಯವರೆಗೆ ಮುಖ ಊದಿಸಿಕೊಂಡು, ಆಮೇಲೆ ಹಗುರಾಗಬಹುದಿತ್ತು. ಜಗಳಕ್ಕೆ ಎರಡು ಕೈ ಬೇಕು. ಅತ್ತಿಗೆಯ ಕೈಯಲ್ಲಿ ಸದಾ ಟವೆಲ್ಲು.

ಅವಳದು ಒಂದೇ ಕಾರಿನ ಡ್ರೈವಿಂಗ್ ಶಾಲೆ. ಮಾಲೀಕಳೂ ಅವಳೇ, ಮೇಷ್ಟರೂ ಅವಳೇ. ಕಾರಿಗೆ ಇಪ್ಪತ್ತು ತುಂಬಿದೆ. ತಲೆಯ ಮೇಲೊಂದು ಹಳದಿ ಹಲಗೆ, ಅವಳು ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಊರಿನಲ್ಲಿ ಇನ್ನೂ ಎರಡು ಶಾಲೆಗಳಿದ್ದರೂ ಅಂಜುವವರೆಲ್ಲ ಇವಳನ್ನೇ ಹುಡುಕಿಕೊಂಡು ಬರುತ್ತಿದ್ದರು, ಏಕೆಂದರೆ ಮೇಡಂ ಬಯ್ಯುವುದಿಲ್ಲ ಎಂದು ಹೆಸರಾಗಿತ್ತು. ಎದುರಿಗೆ ಬಸ್ಸು ಬರುತ್ತಿರುವಾಗ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡ ಗೃಹಸ್ಥನಿಗೂ ‘ಬ್ರೇಕು, ಪುಟ್ಟಾ, ಬ್ರೇಕು’ ಎಂದವಳು ಅವಳು. ಆ ಪುಟ್ಟನಿಗೆ ಐವತ್ತೈದು. ಹೀಗೆ ನುಂಗಿದ್ದೆಲ್ಲ ಎಲ್ಲಿಗೆ ಹೋಗಬೇಕು? ಒಬ್ಬ ಶಿಷ್ಯನನ್ನು ಇಳಿಸಿ ಇನ್ನೊಬ್ಬನನ್ನು ಹತ್ತಿಸಿಕೊಳ್ಳುವ ನಡುವಿನ ಹತ್ತು ನಿಮಿಷ, ಗ್ಲಾಸು ಏರಿಸಿದ ಮೇಲಿನ ಆ ಹತ್ತು ನಿಮಿಷ ಅವಳ ಸ್ವಂತ ಆಸ್ತಿ. ಅಷ್ಟರಲ್ಲಿ ಊರಿನ ಅರ್ಧ ಜನಕ್ಕೆ ಮಂಗಳಾರತಿ ಆಗಿಬಿಡುತ್ತಿತ್ತು.

ಇವತ್ತು ಆ ಆಸ್ತಿಯೂ ಹೋಯಿತು. ಮೊದಲನೇ ಸಿಗ್ನಲ್ಲಿನಲ್ಲೇ ಹಾಲಿನ ವ್ಯಾನಿನವನು ಅಡ್ಡ ನುಗ್ಗಿದ. ‘ನಿನ್ನ ಕಣ್ಣೇನು ಡಿಕ್ಕಿಯೊಳಗಿಟ್ಟು ಬಂದಿದ್ಯಾ, ಗೂಬೆ’ ಎಂದು ಅವಳು ದಿನದ ದನಿಯಲ್ಲೇ ಅಂದಳು. ವ್ಯಾನಿನವನು ತಲೆ ಹೊರಗೆ ಹಾಕಿ ನೋಡಿದ. ಜಗಳಕ್ಕೆ ಬರುತ್ತಾನೆ ಎಂದುಕೊಂಡಳು. ‘ನಮ್ಮಮ್ಮನೂ ಇದನ್ನೇ ಅಂತಾರೆ ಮೇಡಂ’ ಎಂದ ಅವನು ಬಹಳ ಗೌರವದಿಂದ. ಸಿಗ್ನಲ್ಲು ಹಸಿರಾಗುವವರೆಗೆ ಅವಳು ಮುಂದಿನ ಬಸ್ಸಿನ ಹಿಂಭಾಗದ ಜಾಹೀರಾತನ್ನು ಎರಡು ಸಲ ಓದಿದಳು.

ಮಧ್ಯಾಹ್ನ ಆಟದ ಮೈದಾನದ ಗೋಡೆಯ ನೆರಳಿನಲ್ಲಿ ಕಾರು ನಿಲ್ಲಿಸಿ ತಾನೇ ನೋಡಿಕೊಳ್ಳುತ್ತೇನೆ ಎಂದು ಕೂತಳು. ಕಾರನ್ನು ಅವಳು ಅಷ್ಟೋ ಇಷ್ಟೋ ಬಲ್ಲಳು. ಮೊದಲು ಮಕ್ಕಳು ಗ್ಲಾಸು ಇಳಿಸದಂತೆ ತಡೆಯುವ ಲಾಕಿನ ಗುಂಡಿ ನೋಡಿದಳು. ಎಷ್ಟೋ ಸಲ ಅದರ ಮೇಲೆ ಯಾರದೋ ಮೊಣಕೈ ಬಿದ್ದು ಹೀಗಾಗುವುದುಂಟು. ಅದು ಸರಿಯಿತ್ತು. ಆಮೇಲೆ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ, ಫ್ಯೂಸಿನ ಡಬ್ಬಿ ತೆಗೆದಳು. ಗ್ಲಾಸಿನ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದರೆ ಒಳಗಿನ ತಂತಿ ನೆಟ್ಟಗೆ ನಗುತ್ತಿತ್ತು. ಆದರೂ ನಂಬಿಕೆ ಸಾಲದೆ ಅಷ್ಟೇ ಆಂಪಿಯರಿನ ಹಾರನ್ನಿನ ಫ್ಯೂಸನ್ನು ಇದರ ಜಾಗಕ್ಕೆ, ಇದನ್ನು ಹಾರನ್ನಿನ ಜಾಗಕ್ಕೆ ಹಾಕಿ ಒತ್ತಿದಳು. ಹಾರನ್ನು ಬೊಬ್ಬೆ ಹೊಡೆಯಿತು, ಗ್ಲಾಸು ಮಿಸುಕಲಿಲ್ಲ. ತಲೆಕೆಳಗಾಗಿ ಬಿದ್ದುಕೊಂಡು ಹೀಗೆ ಒಂದೊಂದನ್ನೇ ಕಿತ್ತು ನೋಡುವಾಗ ಬೆಳಗಿನದೆಲ್ಲ ಇದೇ ರೀತಿ ಒಂದೊಂದಾಗಿ ಬರುತ್ತಿತ್ತು. ಟವೆಲ್ಲು ಕೊಡವುತ್ತಿದ್ದ ಕೈ ಮಧ್ಯೆ ಒಂದು ಕ್ಷಣ ನಿಂತಿತ್ತಲ್ಲವೆ? ಅಥವಾ ಹಾಗೆ ನಿಂತದ್ದು ನಿನ್ನೆಯೋ? ಅತ್ತಿಗೆ ತಲೆಯೆತ್ತಿ ನೋಡಿದ್ದರೆ? ಅವರು ದಿನಾಲೂ ನೋಡುತ್ತಾರೆ, ನೋಡಿ ಒಂದು ಸಣ್ಣ ನಗೆ ನಗುತ್ತಾರೆ. ಇವತ್ತು ನಕ್ಕರೇ? ನಕ್ಕಿದ್ದರೆ ಕೇಳಿಸಿಲ್ಲ. ಅಥವಾ ಕೇಳಿಸಿಯೂ ನಕ್ಕಿದ್ದರೆ? ಆ ಯೋಚನೆಗೆ ಅವಳ ತಲೆ ಸ್ಟಿಯರಿಂಗಿನ ಕೊಳವೆಗೆ ಠಣ್ಣೆಂದು ಬಡಿಯಿತು.

‘ಮೇಡಂ, ಒಳಗಿರೋದು ನೀವೇನಾ?’ ಎಂದು ಹೊರಗೆ ಚಾಚಿದ ಕಾಲುಗಳನ್ನು ಯಾರೋ ಕೇಳಿದರು. ಎರಡು ಗಂಟೆಯ ಶಿಷ್ಯರು, ಔಷಧಿ ಅಂಗಡಿಯವರು. ನಲವತ್ತು ದಾಟಿದ ಮನುಷ್ಯ. ಯಾವ ಕೆಲಸಕ್ಕೂ ಮುಂಚೆ ಅನುಮತಿ ಕೇಳುವವರು. ‘ಮೇಡಂ, ಗೇರು ಹಾಕಲಾ? ಮೇಡಂ, ಈಗ ತಿರುಗಿಸಲಾ?’ ಎನ್ನುತ್ತ ಅವರು ತಿರುಗಿಸುವ ಹೊತ್ತಿಗೆ ತಿರುವು ಮುಗಿದಿರುತ್ತಿತ್ತು. ಇವತ್ತು ಹೊರಟು ಅರ್ಧ ಮೈಲಿ ಹೋಗುವುದರೊಳಗೆ ಬಿಸಿಲಲ್ಲೇ ಮಳೆ ಬಂತು. ಡ್ರೈವರನ ಗ್ಲಾಸು ತೆರೆದೇ ಇದ್ದುದರಿಂದ ಅವರ ಒಂದು ತೋಳು, ಒಂದು ಕಿವಿ, ಕನ್ನಡಕದ ಒಂದು ಕಣ್ಣು ಒದ್ದೆಯಾಯಿತು. ಕಾರು ಬದಿಗೆ ಹಾಕಿಸಿದಳು. ‘ಮೇಡಂ, ಕೊಡೆ ಬಿಚ್ಚಲಾ?’ ಎಂದು ಕೇಳಿ, ಅವರು ತಮ್ಮ ಮಡಿಸುವ ಕೊಡೆಯನ್ನು ಕಿಟಕಿಯಿಂದಾಚೆ ಚಾಚಿ ಬಿಚ್ಚಿ ಹಿಡಿದು ಕೂತರು. ಒಂದೇ ರೆಕ್ಕೆಯ ಆ ಕಾರನ್ನು ನೋಡುತ್ತ ಜನ ನಡಿಗೆ ನಿಧಾನ ಮಾಡಿ ಹೋದರು. ಅವಳಿಗೆ ನಾಚಿಕೆಯಾಗಬೇಕಿತ್ತು. ಆದರೆ ಅವಳ ತಲೆಯಲ್ಲಿ ಇದ್ದದ್ದೇ ಬೇರೆ.

‘ಒಂದು ಉಪಕಾರ ಮಾಡ್ತೀರಾ?’ ಎಂದಳು, ಮಳೆ ನಿಂತ ಮೇಲೆ. ‘ನೀವು ಇಲ್ಲೇ ಕೂತು ಏನಾದ್ರೂ ಮಾತಾಡಿ. ಕೂಗಬೇಡಿ, ಮಾಮೂಲಿ ದನಿ. ಇಂಜಿನ್ ಆನ್ ಇರಲಿ. ನಾನು ಹೊರಗೆ ನಿಂತಿರ್ತೀನಿ.’

‘ಏನು ಮಾತಾಡ್ಲಿ ಮೇಡಂ?’

‘ಏನಾದ್ರೂ. ಮನಸ್ಸಿಗೆ ಬಂದದ್ದು.’

ಕಾರು ಒರೆಸುವ ಬಟ್ಟೆಯನ್ನು ಹಿಡಿದು ಮೂರು ಮಾರು ಹಿಂದೆ ಸರಿದು, ಬೆಳಿಗ್ಗೆ ಅತ್ತಿಗೆ ಟವೆಲ್ಲು ಕೊಡವಿದ ಹಾಗೆಯೇ ಪಟಪಟ ಕೊಡವತೊಡಗಿದಳು. ಔಷಧಿ ಅಂಗಡಿಯವರು ಮನಸ್ಸಿಗೆ ಬೇರೇನೂ ಬಾರದೆ ಕೊನೆಗೆ ಅಂಗಡಿಯ ಮಾತನ್ನೇ ಹೇಳಿದರು: ‘ಬಿಳೀ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟ ಆದ ಮೇಲೆ. ಹಳದೀದು ಮಲಗೋವಾಗ. ಸಿರಪ್ಪನ್ನ ಚೆನ್ನಾಗಿ ಕುಲುಕಿ ಕುಡೀಬೇಕು.’ ಒಂದಕ್ಷರವೂ ತಪ್ಪದೆ ಕೇಳಿಸಿತು. ಸಿರಪ್ಪಿನ ಒತ್ತು ಕೂಡ ಕೇಳಿಸಿತು. ಬಟ್ಟೆ ಕೊಡವುವ ಕೈ ತಾನಾಗಿ ನಿಂತಿತು.

‘ಕೇಳಿಸ್ತಾ ಮೇಡಂ?’ ಎಂದರು ಅವರು, ಪರೀಕ್ಷೆಯಲ್ಲಿ ಪಾಸಾದೆನೋ ಇಲ್ಲವೋ ಎನ್ನುವ ಮುಖದಲ್ಲಿ.

‘ಪೂರ್ತಿ’ ಎಂದಳು ಅವಳು.

ವಾಹನಗಳ ವೈರಿಂಗಿನ ಕೆಲಸಕ್ಕೆ ಆ ಕಡೆಗೆಲ್ಲ ಒಬ್ಬನೇ. ಎಲ್ಲರೂ ಅವನನ್ನು ವೈರಿಂಗಜ್ಜ ಎನ್ನುತ್ತಿದ್ದರು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಕಿವಿ ಬಾಗಿಸಿ ಕೆಲಸ ಮಾಡುವವನು. ಸಂಜೆ ನಾಲ್ಕಕ್ಕೆ ಅವಳು ಹೋದಾಗ ಒಂದು ಲಾರಿಯ ದೀಪದೊಳಗೆ ಮುಖವಿಟ್ಟುಕೊಂಡಿದ್ದ. ಏನೇನು ನೋಡಿದಿರಿ ಎಂದು ಕೇಳಿದ. ಲಾಕಿನ ಗುಂಡಿ, ಫ್ಯೂಸು, ಹಾರನ್ನಿನ ಫ್ಯೂಸು, ಎಲ್ಲ ಹೇಳಿದಳು. ಶಾಲೆಯಲ್ಲಿ ಪಾಠ ಒಪ್ಪಿಸಿದಂತಾಯಿತು.

‘ನಾಲ್ಕು ಗ್ಲಾಸೂ ಸತ್ತಿವೆಯಾ?’

‘ನಾಲ್ಕೂ.’

‘ಒಟ್ಟಿಗೇ?’

‘ಒಟ್ಟಿಗೇ.’

‘ಹಾಗಾದ್ರೆ ನಾಲ್ಕೂ ಸತ್ತಿಲ್ಲ ಮೇಡಂ. ನಾಲ್ಕಕ್ಕೂ ಅನ್ನ ಹಾಕೋದು ಯಾವುದೋ ಒಂದು ಮಲಗಿದೆ.’ ಅವನು ಬಂದು ಡ್ರೈವರನ ಬಾಗಿಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ‘ಸ್ವಿಚ್ಚು ಎತ್ತಿ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ.’ ಅವಳು ಸೀಟಿನಲ್ಲಿ ಕೂತು ಹಿಡಿದುಕೊಂಡಳು. ಅವನು ಬಾಗಿಲನ್ನು ಬಹಳ ನಿಧಾನವಾಗಿ, ತೊಟ್ಟಿಲು ತೂಗುವವನಂತೆ, ತೆರೆಯುತ್ತ ಬಂದ. ಒಂದು ಗೇಣು ತೆರೆದ ಮೇಲೆ, ಇನ್ನೂ ನಾಲ್ಕು ಬೆರಳಿನಷ್ಟು ತೆರೆದಾಗ, ಗ್ಲಾಸು ನಡುಗಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಗುಂಯ್ ಎಂದು ಏರಿತು. ಬಾಗಿಲು ಇನ್ನಷ್ಟು ತೆರೆದರೆ ನಿಂತಿತು. ಮುಚ್ಚಿದರೂ ನಿಂತಿತು. ಅಷ್ಟೇ ಅಷ್ಟು, ಗೇಣು ಮತ್ತು ನಾಲ್ಕು ಬೆರಳು ತೆರೆದು ಹಿಡಿದಾಗ ಮಾತ್ರ ನಾಲ್ಕು ಗ್ಲಾಸೂ ಹೇಳಿದ ಮಾತು ಕೇಳಿದವು.

ಬಾಗಿಲಿಗೂ ಕಾರಿನ ಮೈಗೂ ನಡುವೆ ಕರುಳಿನಂಥ ಒಂದು ರಬ್ಬರಿನ ಕೊಳವೆ ಇತ್ತು. ಅವನು ಅದರ ಒಂದು ತುದಿ ಕಿತ್ತು, ಒಳಗಿನ ವೈರುಗಳನ್ನು ಬೆರಳಿನಿಂದ ಒಂದೊಂದಾಗಿ ಸವರಿ, ಕೆಂಪು ವೈರಿನ ಹತ್ತಿರ ನಿಂತ. ‘ಇಲ್ಲಿ ಮುಟ್ಟಿ ನೋಡಿ. ಮೇಲೆ ಸಿಪ್ಪೆ ನೆಟ್ಟಗಿದೆ. ಒಳಗೆ ತಾಮ್ರ ತುಂಡಾಗಿದೆ. ದಿನಾ ಬಾಗಿಲು ತೆಗೀತೀರಿ, ಹಾಕ್ತೀರಿ. ಅದು ಬಗ್ತಾನೇ ಇರತ್ತೆ. ಒಂದು ಮಾತು ಆಡಲ್ಲ. ಒಂದು ದಿನ ಒಳಗೇ ಕಡಿದುಹೋಗತ್ತೆ, ನೋಡಿದವರಿಗೆ ಗೊತ್ತೂ ಆಗಲ್ಲ.’

ಅವಳಿಗೆ ಯಾಕೋ ಅವನ ಮೇಲೆ ಸಿಟ್ಟು ಬಂತು. ‘ವೈರಿನ ವಿಷಯ ತಾನೇ ಹೇಳ್ತಿರೋದು ನೀವು?’ ಎಂದಳು.

‘ಮತ್ತಿನ್ಯಾವುದು?’ ಎಂದು ಅವನು ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿ ಅವಳನ್ನು ನೋಡಿದ. ಇವತ್ತು ಆಗುವುದಿಲ್ಲ, ಬಾಗಿಲ ಒಳಹಲಗೆ ಬಿಚ್ಚಿ ವೈರು ಕೂಡಿಸಬೇಕು, ಲಾರಿಯವನು ಕಾಯುತ್ತಿದ್ದಾನೆ, ನಾಳೆ ಹತ್ತು ಗಂಟೆಗೆ ಬನ್ನಿ, ಅಲ್ಲಿಯವರೆಗೆ ಬೇಕಾದಾಗ ಗೇಣು ನಾಲ್ಕು ಬೆರಳು ಎಂದ.

ಗ್ಲಾಸು ಏರಿದ ಕಾರಿನಲ್ಲಿ ಮನೆಯ ಕಡೆ ಹೊರಟಳು. ಹೊರಗಿನ ಸದ್ದು ನಿಂತಿತ್ತು. ಬಯ್ಯಬಹುದಿತ್ತು. ವೈರಿಂಗಜ್ಜನನ್ನು ಬಯ್ಯೋಣವೆಂದುಕೊಂಡಳು, ಬಾಯಿ ಬರಲಿಲ್ಲ. ಮಧ್ಯಾಹ್ನದ ಮಳೆಯನ್ನು, ಕೊಡೆಯನ್ನು, ಆ ಗೌರವದ ವ್ಯಾನಿನವನನ್ನು. ಯಾವುದೂ ನಾಲಿಗೆಗೆ ಹತ್ತಲಿಲ್ಲ. ಅತ್ತಿಗೆ ಕೇಳಿಸಿಕೊಂಡರು ಎನ್ನುವುದು ಈಗ ಖಾತ್ರಿ. ಹೋದೊಡನೆ ಏನೆನ್ನುವುದು? ಕಾಲಿಗೆ ಬೀಳುವುದೇ? ಬಿದ್ದರೆ ‘ಇರಲಿ ಬಿಡು’ ಎನ್ನುತ್ತಾರೆ. ಅದಕ್ಕಿಂತ ಘೋರ ಶಿಕ್ಷೆ ಇನ್ನೊಂದಿಲ್ಲ. ಬೀದಿಯ ತಿರುವಿಗೆ ಬಂದಾಗ ಅವಳಿಗೇ ಅರ್ಥವಾಗದ ಒಂದು ಕೆಲಸ ಮಾಡಿದಳು. ಕಾರು ನಿಲ್ಲಿಸಿ, ಬಾಗಿಲನ್ನು ಗೇಣು ನಾಲ್ಕು ಬೆರಳು ತೆರೆದು, ತನ್ನ ಪಕ್ಕದ ಗ್ಲಾಸನ್ನು ಪೂರ್ತಿ ಕೆಳಗಿಳಿಸಿ, ಬಾಗಿಲು ಹಾಕಿಕೊಂಡು, ತುಟಿ ಬಿಗಿದು, ಬೀದಿಯುದ್ದಕ್ಕೂ ಮೆಲ್ಲಗೆ ಓಡಿಸಿಕೊಂಡು ಬಂದಳು. ಇದೊಂದು ಪ್ರಾಯಶ್ಚಿತ್ತವೆಂದು ಯಾರಿಗೂ ಗೊತ್ತಾಗಲಿಲ್ಲ. ಎದುರುಮನೆಯವರು, ‘ಸೆಖೆನಾ?’ ಎಂದರು.

ಅಣ್ಣ ಅಂಗಳದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಗ್ಲಾಸು ಕೆಟ್ಟಿದೆ ಎಂದಳು. ‘ಬ್ಯಾಟರಿ ಇರಬೇಕು’ ಎಂದ. ಅಲ್ಲ, ವೈರು ಎಂದಳು. ‘ಬ್ಯಾಟರಿಯಿಂದಾನೇ ವೈರು ಹೋಗೋದು’ ಎಂದ. ಫ್ರಿಜ್ಜು ತಣ್ಣಗಾಗದಿದ್ದಾಗಲೂ, ನೆಂಟರ ಮದುವೆ ಮುರಿದಾಗಲೂ ಅವನು ಬ್ಯಾಟರಿಯನ್ನೇ ಅನುಮಾನಿಸಿದವನು. ಅಡಿಗೆಮನೆಯಲ್ಲಿ ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಅವರ ಬೆನ್ನು ಎಂದಿನ ಹಾಗೇ ಇತ್ತು. ಬೆನ್ನಿನಿಂದ ಏನೂ ತಿಳಿಯುವ ಹಾಗಿರಲಿಲ್ಲ. ಅವಳು ಲೋಟ ತೊಳೆಯುವ ನೆಪದಲ್ಲಿ ಒಂದು ಲೋಟವನ್ನು ಮೂರು ಸಲ ತೊಳೆದಳು.

‘ಅತ್ತಿಗೆ, ಬೆಳಿಗ್ಗೆ... ಕಾರಿನ ಗ್ಲಾಸು ಮೇಲೆ ಬಂದಿರಲಿಲ್ಲ.’

‘ಹ್ಞೂಂ. ನೋಡ್ದೆ.’

‘ನಾನು ಬಂದಿದೆ ಅಂದ್ಕೊಂಡಿದ್ದೆ.’

‘ಹ್ಞೂಂ.’ ಚಾಕು ಹಲಗೆಯ ಮೇಲೆ ಟಕಟಕ ಎಂದು ಓಡುತ್ತಲೇ ಇತ್ತು. ಅವಳು ‘ಇರಲಿ ಬಿಡು’ವಿಗಾಗಿ ಕಾದಳು, ಹನ್ನೆರಡನೆಯ ಥರದ ‘ಇರಲಿ ಬಿಡು’ ಯಾವ ರಾಗದಲ್ಲಿರಬಹುದು ಎಂದು ಕಾದಳು. ಅದು ಬರಲಿಲ್ಲ.

‘ನಾಳೆ ಬೆಳಿಗ್ಗೆ ಮೊದಲನೇ ಕ್ಲಾಸು ಯಾರದು?’ ಎಂದರು ಅತ್ತಿಗೆ.

‘ಯಾರದೂ ಇಲ್ಲ. ಹತ್ತು ಗಂಟೆಗೆ ರಿಪೇರಿಗೆ ಬಿಡಬೇಕು.’

‘ಹಾಗಾದ್ರೆ ಆರಕ್ಕೆ ನನ್ನ ಕರ್ಕೊಂಡು ಹೋಗು. ಕಾರು ಓಡಿಸೋದು ಕಲಿಸು.’ ಅತ್ತಿಗೆ ತಿರುಗಿದರು. ಕಣ್ಣಲ್ಲಿ ನೀರಿತ್ತು. ಅದು ಈರುಳ್ಳಿಯದೋ ಬೇರೆಯದೋ ಎಂದು ಅವಳು ಹಲಗೆಯ ಕಡೆ, ಅತ್ತಿಗೆಯ ಕಡೆ, ಮತ್ತೆ ಹಲಗೆಯ ಕಡೆ ನೋಡಿದಳು. ‘ನಿಮ್ಮಣ್ಣನಿಗೆ ಹೇಳಬೇಡ’ ಎಂದರು. ‘ಬ್ಯಾಟರಿ ಅಂತಾರೆ.’

ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು. ಶಿಕ್ಷೆ ನಿಗದಿಯಾದ ಮೇಲೆ ಕೈದಿಗಳಿಗೆ ನಿದ್ದೆ ಬರುತ್ತದೆಂದು ಎಲ್ಲೋ ಓದಿದ್ದಳು.

ಬೆಳಿಗ್ಗೆ ಆರಕ್ಕೆ ಮೈದಾನ ಖಾಲಿ. ಅಂಚಿನ ಗೋಡೆಯ ಮೇಲೆ ಒಂದು ನಾಯಿ ಮಲಗಿತ್ತು. ಅತ್ತಿಗೆ ಡ್ರೈವರನ ಸೀಟಿನಲ್ಲಿ, ಬೆನ್ನು ಒರಗಿಸದೆ, ಬೇರೆಯವರ ಮನೆಯ ಸೋಫಾದಲ್ಲಿ ಕೂತ ಹಾಗೆ ತುದಿಗೆ ಕೂತರು. ಅವಳು ಕ್ಲಚ್ಚು, ಬ್ರೇಕು, ಗೇರು ತೋರಿಸಿದಳು. ಕ್ಲಚ್ಚನ್ನು ಹೇಗೆ ಮೆಲ್ಲಗೆ ಬಿಡಬೇಕು ಎಂದಳು. ಅತ್ತಿಗೆ ಬಿಟ್ಟರು, ಕಾರು ಕಪ್ಪೆಯಂತೆ ಕುಪ್ಪಳಿಸಿ ಸತ್ತಿತು. ಮತ್ತೆ ಸತ್ತಿತು. ನಾಲ್ಕನೇ ಸಲ ಸತ್ತಾಗ ಅಭ್ಯಾಸಬಲದಿಂದ ‘ಪರವಾಗಿಲ್ಲ ಪುಟ್ಟಾ’ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

‘ನನ್ನ ಹತ್ರ ಈ ಮೇಡಂ ದನಿ ಬೇಡ’ ಎಂದರು ಅತ್ತಿಗೆ, ಎದುರಿನ ಗಾಜನ್ನೇ ನೋಡುತ್ತ. ‘ನಿನ್ನೆದೇ ಚೆನ್ನಾಗಿತ್ತು. ಮೂಗಬಸವಿ ಅಂದ್ಯಲ್ಲ, ಗೇಟಿನ ಹತ್ರ.’

ಗೇಟಿನ ಹತ್ತಿರವೇ, ಹಾಗಾದರೆ. ಅವಳ ಕಿವಿಯ ತುದಿ ಸುಟ್ಟಂತಾಯಿತು. ‘ಅತ್ತಿಗೆ, ನಾನು ಸುಮ್ಮನೆ ಬಾಯಿಗೆ ಬಂದ ಹಾಗೆ...’

‘ನನಗೆ ಒಂದು ಮಾತು ಹೇಳು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಇದೇನಾ?’

‘ದಿನಾ ಇಲ್ಲ... ಭಾನುವಾರ ರಜ.’

ಅತ್ತಿಗೆ ಸ್ಟಿಯರಿಂಗಿನಿಂದ ಕೈ ತೆಗೆದರು. ‘ನೀನು ಹಾಡು ಹೇಳ್ಕೊಂಡು ಹೋಗ್ತೀಯ ಅಂದ್ಕೊಂಡಿದ್ದೆ ಕಣೇ. ಗ್ಲಾಸಿನ ಆ ಕಡೆ ಬಾಯಿ ಆಡೋದು ಕಾಣ್ತಿತ್ತು. ತಲೆ ಬೇರೆ ಕುಣಿಸ್ತಿದ್ದೆ. ಪಾಪ, ಬಂದಾಗ ಅಷ್ಟು ಸೊರಗಿದ್ಲು, ಈಗ ಹಾಡ್ಕೊಂಡು ಕೆಲಸಕ್ಕೆ ಹೋಗ್ತಾಳಲ್ಲ ಅಂತ... ಅದನ್ನ ನೋಡೋಕೇ ದಿನಾ ಟವೆಲ್ಲು ಹಿಡ್ಕೊಂಡು ಬರ್ತಿದ್ದೆ. ಒಣಗಿರೋ ಟವೆಲ್ಲನ್ನ ಎಷ್ಟು ಸಲ ಒದ್ದೆ ಮಾಡ್ಕೊಂಡು ಬಂದಿದೀನೋ!’

ಅವಳಿಗೆ ಆ ಕ್ಷಣ ಕಾರಿನಿಂದ ಇಳಿದು ಗೋಡೆಯ ಮೇಲಿನ ನಾಯಿಯ ಪಕ್ಕ ಹೋಗಿ ಮಲಗಬೇಕೆನ್ನಿಸಿತು. ಎಂಟು ವರ್ಷಗಳ ಬೆಳಗುಗಳು ಒಂದರ ಹಿಂದೊಂದು ಬಂದವು: ಗೇಟು, ಟವೆಲ್ಲು, ಆ ಸಣ್ಣ ನಗೆ. ಆ ನಗೆಯನ್ನು ನೋಡಿಯೇ ಅವಳು ಎಷ್ಟೋ ಸಲ ‘ನೋಡು, ನಗು ಬೇರೆ’ ಎಂದು ಎರಡನೇ ಸುತ್ತು ಶುರುಮಾಡಿದ್ದಳು. ‘ತಪ್ಪಾಯ್ತು ಅತ್ತಿಗೆ’ ಎಂದಳು. ಎಷ್ಟು ಸಣ್ಣ ದನಿಯಲ್ಲಿ ಎಂದರೆ ಮೂರು ಮಾರು ದೂರದಲ್ಲಿ ಯಾರಿದ್ದರೂ ಖಂಡಿತ ಕೇಳಿಸುತ್ತಿರಲಿಲ್ಲ.

‘ತಪ್ಪು ಗಿಪ್ಪು ಆಮೇಲೆ. ಮೊದಲು ಇದನ್ನ ಹೇಳು. ಬೈದ ಮೇಲೆ ಹೇಗಿರತ್ತೆ?’

‘ಹೇಗೆ ಅಂದ್ರೆ?’

‘ಹಗುರ ಆಗತ್ತಾ?’

ಸುಳ್ಳು ಹೇಳುವ ಹಾಗಿರಲಿಲ್ಲ. ‘ಆಗತ್ತೆ’ ಎಂದಳು.

‘ಅದೇ ನೋಡು. ನನಗೂ ಅಂಥದ್ದೊಂದು ಜಾಗ ಬೇಕು. ಆ ಮನೇಲಿ ಎಲ್ಲಿದೆ ಹೇಳು? ಅಡಿಗೆಮನೇಲಿ ಗೊಣಗಿದ್ರೆ ಹಜಾರಕ್ಕೆ ಕೇಳತ್ತೆ. ಮಲಗೋ ಕೋಣೇಲಿ ನಿಮ್ಮಣ್ಣ ಇರ್ತಾರೆ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಶುರು ಮಾಡಿದ್ರೆ, ನೀರು ಯಾಕೆ ಪೋಲು ಮಾಡ್ತೀಯ ಅಂತ ಬಾಗಿಲು ಬಡೀತಾರೆ.’ ಅತ್ತಿಗೆಯ ಮೂಗಿನ ತುದಿ ಕೆಂಪಾಗಿತ್ತು. ‘ಇರಲಿ ಬಿಡು ಅನ್ನದೆ ಇನ್ನೇನು ಅನ್ಲಿ? ಗ್ಲಾಸು ಏರಿಸು.’

‘ಈಗಲೇನಾ?’

‘ಮತ್ತೆ ಇನ್ಯಾವಾಗ? ನೀನು ಇಳಿ. ನಿನ್ನೆದುರಿಗೆ ನನಗೆ ಬರಲ್ಲ.’

ಅವಳು ಇಳಿದಳು. ಬಳಸಿಕೊಂಡು ಅತ್ತಿಗೆಯ ಕಡೆಗೆ ಬಂದು ಬಾಗಿಲನ್ನು ತೆರೆದಳು. ಗ್ಲಾಸು ಏರಬೇಕಾದರೆ ಬಾಗಿಲನ್ನು ಗೇಣು ನಾಲ್ಕು ಬೆರಳು ಹಿಡಿಯಬೇಕು ಎಂದು ವಿವರಿಸಿದಳು. ತಾನು ಕೇಳಿಸಿಕೊಳ್ಳಬಾರದೆಂದು ಏರಿಸುವ ಗ್ಲಾಸಿಗೆ ತಾನೇ ಬಾಗಿಲು ಹಿಡಿದು ನಿಂತಿದ್ದೇನೆ ಎನ್ನುವುದು ಅವಳಿಗೆ ಹೊಳೆಯದೆ ಇರಲಿಲ್ಲ. ಅತ್ತಿಗೆ ಸ್ವಿಚ್ಚು ಎತ್ತಿದರು. ಅವಳು ಬಾಗಿಲನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಮಾಡಿದಳು. ಗುಂಯ್ ಎಂದಿತು. ಅತ್ತಿಗೆಯ ಭುಜ, ಕತ್ತು, ಗಲ್ಲ, ಆಮೇಲೆ ಬಾಯಿ ಗ್ಲಾಸಿನ ಹಿಂದಕ್ಕೆ ಹೋದವು. ಅವಳು ಬಾಗಿಲನ್ನು ಒತ್ತಿ ಹಾಕಿ ಹತ್ತು ಹೆಜ್ಜೆ ಹಿಂದೆ ಸರಿದು ನಿಂತಳು.

ಬಹಳ ಹೊತ್ತು ಏನೂ ಆಗಲಿಲ್ಲ. ಅತ್ತಿಗೆ ಸ್ಟಿಯರಿಂಗನ್ನೇ ನೋಡುತ್ತ ಕೂತಿದ್ದರು. ಬರುತ್ತಿಲ್ಲವೇನೋ, ಸೊಸೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ಆಡದ್ದು ಒಂದು ಬೆಳಿಗ್ಗೆ ಕರೆದ ಕೂಡಲೇ ಬರುತ್ತದೆಯೇ ಎಂದು ಅವಳಿಗೆ ಮರುಕವಾಯಿತು. ಶುರುವಿಗೊಂದು ಸಲೀಸಾದ ಪದ ಹೇಳಿಕೊಡಬೇಕಿತ್ತು, ಎಲ್ಲ ಶಿಷ್ಯರಿಗೂ ಮೊದಲ ಗೇರು ತಾನೇ ಹಾಕಿಕೊಡುತ್ತೇನಲ್ಲ ಎಂದುಕೊಂಡಳು. ಅಷ್ಟರಲ್ಲಿ ಅತ್ತಿಗೆಯ ತುಟಿ ಸ್ವಲ್ಪ ಅಲುಗಿತು. ನಿಂತಿತು. ಮತ್ತೆ ಅಲುಗಿತು. ಆಮೇಲೆ ಒಂದು ಕೈ ಎದ್ದಿತು. ಕೈ ಗಾಳಿಯಲ್ಲಿ ಏನನ್ನೋ ಎತ್ತಿ ಒಂದರ ಪಕ್ಕ ಒಂದನ್ನು ಇಟ್ಟಿತು. ಚಪ್ಪಲಿ ಎಂದು ಅವಳಿಗೆ ಕೂಡಲೇ ಗೊತ್ತಾಯಿತು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಒಂದು ಕೈ ಸಾಲದೆ ಎರಡನೆಯ ಕೈಗೆ ಹೋದವು. ಅತ್ತಿಗೆಯ ತಲೆ ಕುಣಿಯತೊಡಗಿತು. ಹೊರಗೆ ನಿಂತವರಿಗೆ ಅದು ಹಾಡೆಂದೇ ಕಾಣುತ್ತಿತ್ತು. ಒಳ್ಳೆಯ ಶಾರೀರದ, ತಾಳ ತಪ್ಪದ ಹಾಡು.

ಇಂಜಿನ್ನಿನ ಸದ್ದು ಕೇಳಿದಾಗ ಅವಳ ಬಲಗಾಲು ಬ್ರೇಕು ಹುಡುಕಿ ನೆಲವನ್ನು ಒತ್ತಿತು. ಬ್ರೇಕಿಲ್ಲದ ಮೇಷ್ಟರು ಅವಳು ಈಗ. ಅವಳ ಬ್ರೇಕು ಕಾರಿನೊಳಗಿತ್ತು. ‘ಅತ್ತಿಗೆ, ಕ್ಲಚ್ಚು!’ ಎಂದು ಕೂಗಿದಳು. ಮುಚ್ಚಿದ ಗ್ಲಾಸಿನೊಳಗೆ ಯಾವ ಕ್ಲಚ್ಚು ಕೇಳಿಸೀತು? ಬಯ್ಗುಳದ ಭರದಲ್ಲಿ ಅತ್ತಿಗೆಗೆ ಹೆದರಲು ಬಿಡುವಿರಲಿಲ್ಲ; ಕಾಲು ತಾನಾಗಿ ಮೆಲ್ಲಗೆ ಮೇಲೆ ಬಂತು, ಕಾರು ಒಂದಿಷ್ಟೂ ಕುಪ್ಪಳಿಸದೆ, ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ಅವಳು ಪಕ್ಕದಲ್ಲೇ ಓಡಿದಳು. ಗೋಡೆಯ ಮೇಲಿನ ನಾಯಿ ಎದ್ದು ಕೂತಿತು. ಓಡುತ್ತ ಓಡುತ್ತ ಒಳಗೆ ನೋಡಿದರೆ ಅತ್ತಿಗೆ ರಸ್ತೆಯಿಲ್ಲದ ಮೈದಾನವನ್ನು ನೋಡುತ್ತ, ಅವಳ ಕಡೆ ತಿರುಗಿಯೂ ನೋಡದೆ, ಮಾತಾಡುತ್ತಲೇ ಇದ್ದರು. ಮೊದಲ ಗೇರಿನಲ್ಲಿ ಒಂದು ಸುತ್ತು. ಮೈದಾನದ ತಿರುವಿನಲ್ಲಿ ಸ್ಟಿಯರಿಂಗ್ ಸರಿಯಾಗಿಯೇ ತಿರುಗಿತು. ಇನ್ನೊಂದು ಸುತ್ತಿಗೆ ಅವಳಿಗೆ ಏದುಸಿರು ಬಂದು ಪಕ್ಕೆ ಹಿಡಿದುಕೊಂಡು ಮಧ್ಯದಲ್ಲೇ ನಿಂತಳು. ಇಪ್ಪತ್ತು ವರ್ಷದ ಕಾರು, ತಲೆಯ ಮೇಲೆ ಹಳದಿ ಹಲಗೆ ಹೊತ್ತು, ನಾಲ್ಕು ಗ್ಲಾಸು ಮುಚ್ಚಿಕೊಂಡು, ಅವಳ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಹಾಕಿತು. ನಗು ಎಲ್ಲಿಂದಲೋ ಬಂತು. ತಡೆಯಲಾಗಲಿಲ್ಲ.

ಕೊನೆಗೆ ಕಾರು ಅವಳ ಮುಂದೆ ಬಂದು ಒಂದು ಸಲ ಕುಪ್ಪಳಿಸಿ ಸತ್ತಿತು. ಬಾಗಿಲು ತೆರೆಯಿತು. ಅತ್ತಿಗೆಯ ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು, ಮುಂಗುರುಳು ಬೆವರಿಗೆ ಅಂಟಿತ್ತು. ಹತ್ತು ವರ್ಷ ಚಿಕ್ಕವರಾದಂತೆ ಕಂಡರು.

‘ಆಯ್ತಾ ಅತ್ತಿಗೆ?’ ಎಂದಳು ಅವಳು, ಉಸಿರು ಹಿಡಿದುಕೊಂಡು.

‘ಎಲ್ಲಿ? ನಿನ್ನದೇ ಇನ್ನೂ ಅರ್ಧ ಇದೆ’ ಎಂದರು ಅತ್ತಿಗೆ. ‘ನಿಮ್ಮಣ್ಣನದು ಶುರೂ ಆಗಿಲ್ಲ. ನೀರಿದ್ರೆ ಒಂದು ಗುಟುಕು ಕೊಡು.’

ಅವಳು ಹಿಂದಿನ ಸೀಟಿನಿಂದ ಬಾಟಲಿ ತೆಗೆದು ಕೊಟ್ಟಳು. ಅತ್ತಿಗೆ ಕುಡಿದು, ಬಾಯಿ ಒರೆಸಿಕೊಂಡು, ಈ ಸಲ ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿ ಕೂತರು.

‘ಹಾಕು ಬಾಗಿಲು’ ಎಂದರು.

ಅವಳು ಹಾಕಿದಳು.